ಬ್ಯಾಡಗಿ ಮೆಣಸಿನಕಾಯಿಗೂ ಬಾಯಿ ಉರಿದರೆ

ಹಾವೇರಿ, ರಾಣೆಬೆನ್ನೂರಿನ ಸಂತೆಯಲ್ಲಿ ಎಮ್ಮೆ ಕೊಳ್ಳುವ ಮೊದಲು ಅದರ ಹಲ್ಲು ನೋಡುತ್ತೇವೆ. ನಮ್ಮ ಬಾಯಿ ನೋಡಿಕೊಂಡು ಎಷ್ಟು ದಿನವಾಯಿತು, ಅಕ್ಕಂದಿರೇ?

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದರ ಸಾರು ಉಂಡರೂ ಬಾಯಿ ಉರಿಯುತ್ತಿದ್ದರೆ ತಪ್ಪು ಮೆಣಸಿನಕಾಯಿಯದಲ್ಲದಿರಬಹುದು. ದಿನವೂ ಅಡಿಕೆ, ಗುಟ್ಕಾ ಜಗಿಯುವವರ ಕೆನ್ನೆಯ ಒಳಪದರ ಗಟ್ಟಿಯಾಗುತ್ತದೆ. ಮೊದಲು ಉರಿ, ಬರಬರುತ್ತ ಬಾಯಿ ಪೂರ್ತಿ ತೆರೆಯದು. ಮುಂದೆ ಕ್ಯಾನ್ಸರಿಗೂ ತಿರುಗಬಹುದು. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ, ಇಲ್ಲವೇ ಹುಣ್ಣು 2 ವಾರವಾದರೂ ಮಾಯದಿದ್ದರೆ ದಂತ ವೈದ್ಯರಿಗೆ ತೋರಿಸಿ.

ಹಲ್ಲುನೋವಿಗೆ ಕಡ್ಡಿಪುಡಿ ಒತ್ತಿಟ್ಟುಕೊಳ್ಳುವವರೂ ಇದ್ದಾರೆ. ನೋವು ಮರೆತಂತಾಗುತ್ತದೆ, ಹುಳುಕು ಬೆಳೆಯುತ್ತಲೇ ಇರುತ್ತದೆ, ತಂಬಾಕಿನ ಚಟ ಹತ್ತುತ್ತದೆ. ಅದರ ಬದಲು ರಾತ್ರಿ ಉಂಡ ಮೇಲೆ ಇನ್ನೊಮ್ಮೆ ಹಲ್ಲುಜ್ಜಿ ಮಲಗಿ.