ಮಲೆನಾಡಿನ ಮನೆಗಳಲ್ಲಿ ಗಣಕಯಂತ್ರದ ಪಾಲನೆಯೂ ದೋಷಪರೀಕ್ಷೆಯೂ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅಡಕೆ ತೋಟಗಾರರ ಮನೆಗಳಲ್ಲಿ, ಕಂಪ್ಯೂಟರ್ ಎಂದು ಎಲ್ಲರ ಬಾಯಲ್ಲಿಯೂ ರೂಢಿಯಾಗಿರುವ ಗಣಕಯಂತ್ರವು ಈಗ ಅಪೂರ್ವವಾದ ವಸ್ತುವಲ್ಲ. ಕೊಯ್ಲಿನ ಲೆಕ್ಕ, ಆಳುಗಳ ಬಟವಾಡೆ, ಸಹಕಾರ ಸಂಘದ ಸಾಲದ ಕಂತು, ಮಂಡಿಗೆ ಕಳುಹಿಸಿದ ಮೂಟೆಗಳ ತೂಕ, ಇವನ್ನೆಲ್ಲ ಹಿಂದೆ ಖಾತೆ ಪುಸ್ತಕದಲ್ಲಿ ಬರೆದಿಡುತ್ತಿದ್ದ ಮನೆತನಗಳವರು ಈಗ ಇದರಲ್ಲಿ ಬರೆದಿಡುತ್ತಾರೆ. ೨೦೦೦ದ ಸುಮಾರಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳು ಗಣಕಯಂತ್ರಕ್ಕೆ ಏರಿದ ಬಳಿಕ, ಜಮೀನಿನ ಕಾಗದಪತ್ರಗಳಿಗಾಗಿಯೂ ಇದರ ಅವಶ್ಯಕತೆಯು ಹೆಚ್ಚಿತು.

ಆದರೆ ಯಂತ್ರವು ಕೆಟ್ಟಿತೆಂದರೆ ತಿಳಿದವರು ಹತ್ತಿರದಲ್ಲಿರುವುದಿಲ್ಲ. ರಿಪೇರಿ ಅಂಗಡಿಯು ಪೇಟೆಯಲ್ಲಿ. ಆರಿದ್ರೆ ಪುನರ್ವಸುವಿನ ಮಳೆಯಲ್ಲಿ ಪೆಟ್ಟಿಗೆಯನ್ನು ಹೊತ್ತು ಪೇಟೆಗೆ ಹೋಗುವುದೆಂದರೆ ಒಂದು ದಿನದ ಕೆಲಸ. ಅಲ್ಲಿಗೆ ಹೋದ ಮೇಲೂ, ದೋಷವೇನೆಂದು ಹೇಳಲು ತಿಳಿಯದವರ ಯಂತ್ರವನ್ನು ‘ಫಾರ್ಮ್ಯಾಟ್’ ಮಾಡಿ ಕೊಡುವ ಪದ್ಧತಿಯು ಅಲ್ಲಲ್ಲಿ ಉಂಟು. ಫಾರ್ಮ್ಯಾಟ್ ಎಂದರೆ ಒಳಗಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಅಣಿಗೊಳಿಸುವುದೆಂದು ಅರ್ಥ. ಯಂತ್ರವೇನೋ ನಡೆಯುತ್ತದೆ, ಹತ್ತು ವರ್ಷಗಳ ತೋಟದ ಲೆಕ್ಕವು ಮಾತ್ರ ಹೋಗಿರುತ್ತದೆ. ಯಂತ್ರವನ್ನು ಮತ್ತೆ ಕೊಳ್ಳಬಹುದು, ಲೆಕ್ಕವನ್ನು ಕೊಳ್ಳಲಾಗದು. ಆದಕಾರಣ ಮನೆಯವರೇ ದೋಷವನ್ನು ಸ್ವಲ್ಪಮಟ್ಟಿಗೆ ಪರೀಕ್ಷಿಸಲು ತಿಳಿದಿರುವುದು ಅವಶ್ಯಕ. ಅದು ಅಷ್ಟು ಕಷ್ಟವೂ ಅಲ್ಲ. ಏಕೆಂದರೆ ನಮ್ಮ ಮಲೆನಾಡಿನಲ್ಲಿ ಈ ಯಂತ್ರಕ್ಕೆ ತಟ್ಟುವ ತೊಂದರೆಗಳಲ್ಲಿ ಬಹುಭಾಗವು ಹೊರಗಿನಿಂದ, ಎಂದರೆ ವಿದ್ಯುತ್ತಿನಿಂದ, ತೇವದಿಂದ, ಇರುವೆ ಇಲಿಗಳಿಂದ ಬರತಕ್ಕವು.

ಯಂತ್ರದ ಭಾಗಗಳ ಹೆಸರು ಹೊಸದಾದರೂ ಅವುಗಳ ಕೆಲಸವು ತೋಟಗಾರರಿಗೆ ಹೊಸದಲ್ಲ. ಕೊಯ್ದ ಅಡಕೆಯನ್ನು ಅಂಗಳಕ್ಕೆ ತಂದು ಹಾಕಿ, ಸುಲಿದು, ಬೇಯಿಸಿ, ಒಣಗಿಸಿ, ಕೊನೆಗೆ ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸುವ ಕ್ರಮವನ್ನು ನೆನೆಯಿರಿ. ಸುಲಿಯುವವರ ಸ್ಥಾನದಲ್ಲಿರುವುದು ಪ್ರೊಸೆಸರ್, ಲೆಕ್ಕಾಚಾರವೆಲ್ಲ ಅದರದು. ಅಂಗಳದ ಸ್ಥಾನದಲ್ಲಿರುವುದು ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿ. ಆ ಹೊತ್ತಿನಲ್ಲಿ ಕೆಲಸ ನಡೆಯುತ್ತಿರುವುದು ಮಾತ್ರ ಅಲ್ಲಿ ಹರಡಿಕೊಂಡಿರುತ್ತದೆ. ಅಟ್ಟವೆಂದರೆ ಹಾರ್ಡ್ ಡಿಸ್ಕ್. ಇವೆಲ್ಲವನ್ನೂ ಒಂದಕ್ಕೊಂದು ಜೋಡಿಸಿರುವ ಹಲಗೆಗೆ ಮದರ್‌ಬೋರ್ಡ್ ಎಂದು ಹೆಸರು. ಅಂಗಳವು ಇಕ್ಕಟ್ಟಾದರೆ ಸುಲಿಯುವವರು ಎಷ್ಟು ಚುರುಕಾದವರಾದರೂ ಕೆಲಸವು ಸಾಗದು. ಅಟ್ಟವು ವಿಶಾಲವಾಗಿದೆ ಎಂದ ಮಾತ್ರಕ್ಕೆ ಅಂಗಳದ ಕೆಲಸಕ್ಕೆ ವೇಗ ಬರುವುದಿಲ್ಲ. ಯಂತ್ರವು ನಿಧಾನವಾಯಿತೆಂದು ದೊಡ್ಡ ಹಾರ್ಡ್ ಡಿಸ್ಕನ್ನು ಕೊಳ್ಳುವವರು ಇದನ್ನು ಗಮನಿಸಬೇಕು. ಹಾರ್ಡ್ ಡಿಸ್ಕಿನ ಬದಲು, ತಿರುಗುವ ಭಾಗಗಳಿಲ್ಲದ ಎಸ್.ಎಸ್.ಡಿ.ಯನ್ನು ಹಾಕಿದರೆ ಹಳೆಯ ಯಂತ್ರವೂ ಚುರುಕಾಗುವುದುಂಟು. ಅದು ಅಟ್ಟದ ಏಣಿಯನ್ನು ತೆಗೆದು ಮೆಟ್ಟಿಲು ಕಟ್ಟಿಸಿದಂತೆ.

ಅಂಗಳದಲ್ಲಿ ಹರಡಿದ ಅಡಕೆಯ ಮೇಲೆ ಹಠಾತ್ತಾಗಿ ಮಳೆ ಸುರಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ವಿದ್ಯುತ್ತು ಹೋದ ಕ್ಷಣದಲ್ಲಿ ರ‍್ಯಾಮಿನಲ್ಲಿದ್ದುದಕ್ಕೂ ಅದೇ ಗತಿ. ಅಟ್ಟಕ್ಕೆ ಏರಿಸಿದ್ದು, ಎಂದರೆ ‘ಸೇವ್’ ಮಾಡಿದ್ದು, ಉಳಿಯುತ್ತದೆ. ಬರೆಯುವಾಗ ಐದು ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುವ ಅಭ್ಯಾಸವನ್ನು ಮನೆಯ ಮಕ್ಕಳಿಗೆ ಮೊದಲ ದಿನವೇ ಕಲಿಸತಕ್ಕದ್ದು.

ಇನ್ನುಳಿದ ಮುಖ್ಯ ಭಾಗವು ಎಸ್.ಎಂ.ಪಿ.ಎಸ್. ಎಂಬ ವಿದ್ಯುತ್ ಪೆಟ್ಟಿಗೆ. ಗೋಡೆಯಿಂದ ಬರುವ ೨೩೦ ವೋಲ್ಟಿನ ವಿದ್ಯುತ್ತನ್ನು ಇಳಿಸಿ, ೧೨, ೫ ಮತ್ತು ೩.೩ ವೋಲ್ಟುಗಳಾಗಿ ಒಳಗಿನ ಭಾಗಗಳಿಗೆ ಹಂಚುವುದು ಇದರ ಕೆಲಸ. ಹೊರಗಿನ ಏರುಪೇರಿನ ಪೆಟ್ಟನ್ನು ಮೊದಲು ತಿನ್ನುವುದೂ ಇದೇ.

ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ೧೯೬೪ರಲ್ಲಿ ಮುಗಿಸಿದಾಗ ಸಾಗರ ಹೊಸನಗರಗಳ ಎಷ್ಟೋ ಊರುಗಳು ಮುಳುಗಿ, ನಾಡಿಗೆಲ್ಲ ದೀಪ ಹತ್ತಿತು. ಆದರೂ ಇದೇ ತಾಲ್ಲೂಕುಗಳ ಒಳಹಳ್ಳಿಗಳಿಗೆ ಬರುವ ತಂತಿಯು ಮೈಲಿಗಟ್ಟಲೆ ಕಾಡಿನೊಳಗೆ ಹಾದು ಬರಬೇಕು. ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದು, ಕಡೆಯ ಕಂಬದ ಮನೆಗೆ ಒತ್ತಡವು ಸಾಲದೆ ಹೋಗುವುದು, ತೋಟದ ಪಂಪು ಹೊರಟೊಡನೆ ದೀಪವು ಮಂಕಾಗುವುದು ಇವೆಲ್ಲ ನಿತ್ಯದ ಸಂಗತಿಗಳು. ಪಂಪು ಹೊರಟಾಗಲೆಲ್ಲ ಯಂತ್ರವು ತಾನಾಗಿ ನಿಂತು ಮತ್ತೆ ಆರಂಭವಾಗುವುದಾದರೆ ದೋಷವನ್ನು ಯಂತ್ರದೊಳಗೆ ಹುಡುಕುವುದಕ್ಕೆ ಮುಂಚೆ ಮನೆಯ ವಿದ್ಯುತ್ತನ್ನು ನೋಡಬೇಕು. ವಿದ್ಯುತ್ತು ಹೋದಾಗ ಯಂತ್ರದ ಗುಂಡಿಯನ್ನು ಆರಿಸಿ, ಮರಳಿ ಬಂದ ಮೇಲೆ ಕೆಲವು ನಿಮಿಷ ತಡೆದು ಹಚ್ಚುವುದು ಒಳ್ಳೆಯದು. ಮರಳಿ ಬರುವ ಕ್ಷಣದಲ್ಲಿಯೇ ಏರುಪೇರು ಹೆಚ್ಚು.

ಮನೆಯಲ್ಲಿ ಇನ್‌ವರ್ಟರ್ ಇದ್ದರೂ ವಿದ್ಯುತ್ತು ಹೋದಾಗ ಗಣಕಯಂತ್ರವು ನಿಂತೇ ಹೋಗುತ್ತದೆಂಬ ದೂರು ಸಾಮಾನ್ಯ. ದೀಪಕ್ಕೂ ಫ್ಯಾನಿಗೂ ಅರೆಕ್ಷಣದ ತಡವು ತಿಳಿಯುವುದಿಲ್ಲ. ಗಣಕಯಂತ್ರವು ಅಷ್ಟನ್ನೂ ತಾಳದು. ಅನೇಕ ಇನ್‌ವರ್ಟರುಗಳ ಹಿಂಭಾಗದಲ್ಲಿ ‘ಯು.ಪಿ.ಎಸ್.’ ಎಂದು ಗುರುತು ಮಾಡಿದ ಒಂದು ಸ್ವಿಚ್ಚು ಇರುತ್ತದೆ. ಅದನ್ನು ಆ ಕಡೆಗೆ ತಿರುಗಿಸಿದರೆ ಬದಲಾವಣೆಯು ಬೇಗ ಆಗುತ್ತದೆ. ಅಂಥ ಸ್ವಿಚ್ಚು ಇಲ್ಲದಿದ್ದರೆ ಯಂತ್ರಕ್ಕೆಂದೇ ಚಿಕ್ಕ ಯು.ಪಿ.ಎಸ್. ಇಡತಕ್ಕದ್ದು. ಅದರ ಬ್ಯಾಟರಿಯು ಕೆಲವೇ ವರ್ಷ ಬಾಳತಕ್ಕದ್ದಾದ್ದರಿಂದ, ಆಗಾಗ್ಗೆ ಗೋಡೆಯ ಸ್ವಿಚ್ಚನ್ನು ಆರಿಸಿ ಎಷ್ಟು ನಿಮಿಷ ನಿಲ್ಲುವುದೆಂದು ನೋಡಬೇಕು.

ಯಂತ್ರದ ಲೋಹದ ಕವಚವನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಹೇಳುವವರೂ ಇದ್ದಾರೆ. ಇದನ್ನು ಅಲಕ್ಷ್ಯ ಮಾಡಕೂಡದು. ವಿದ್ಯುತ್ ಪೆಟ್ಟಿಗೆಯೊಳಗೆ ಏರುಪೇರುಗಳನ್ನು ಸೋಸುವ ಏರ್ಪಾಡಿನಿಂದ ಅತ್ಯಲ್ಪವಾದ ವಿದ್ಯುತ್ತು ಕವಚಕ್ಕೆ ಬರುತ್ತಲೇ ಇದ್ದು, ಮೂರನೆಯ ಮುಳ್ಳಿನ ಮೂಲಕ ಭೂಮಿಗೆ ಇಳಿದುಹೋಗುತ್ತದೆ. ಭೂಸಂಪರ್ಕದ ತಂತಿಯು ಕಡಿದಿದ್ದರೆ, ಅಥವಾ ಮೂರು ಮುಳ್ಳಿನ ಪ್ಲಗ್ಗನ್ನು ಎರಡು ಮುಳ್ಳಿನದಕ್ಕೆ ಸಿಕ್ಕಿಸಿದ್ದರೆ, ಅದು ಕವಚದಲ್ಲಿಯೇ ನಿಂತು ಕೈಗೆ ತಟ್ಟುತ್ತದೆ. ಭೂಸಂಪರ್ಕವಿಲ್ಲದ ಮನೆಯಲ್ಲಿ ಸಿಡಿಲಿನ ಹಾವಳಿಯೂ ಹೆಚ್ಚು, ಮನುಷ್ಯರಿಗೂ ಅಪಾಯ. ಬೇಸಗೆಯಲ್ಲಿ ಜಂಬಿಟ್ಟಿಗೆ ನೆಲವು ಒಣಗಿದಾಗ ಭೂಸಂಪರ್ಕದ ಗುಂಡಿಗೆ ನೀರು ಹಾಕಿಸಬೇಕು. ತಂತಿಯನ್ನು ಅನುಮತಿಪತ್ರವುಳ್ಳ ವಿದ್ಯುತ್ ಕೆಲಸಗಾರರಿಂದಲೇ ಪರೀಕ್ಷಿಸಬೇಕು.

ಭರಣಿ ಕೃತ್ತಿಕೆಯ ಮಳೆಗಳೂ ಚಿತ್ತೆ ಸ್ವಾತಿಯ ಮಳೆಗಳೂ ಗುಡುಗು ಸಿಡಿಲಿನವು. ಸಿಡಿಲು ಮನೆಯ ಮೇಲೆಯೇ ಬೀಳಬೇಕೆಂಬುದಿಲ್ಲ; ದೂರದ ಕಂಬಕ್ಕೆ ಬಡಿದರೂ ಅದರ ವೇಗವು ತಂತಿಯಲ್ಲಿ ಹರಿದು ಬರುತ್ತದೆ. ಸ್ವಿಚ್ಚು ಆರಿಸಿದರೆ ಸಾಕೆಂಬುದು ತಪ್ಪು ಎಣಿಕೆ. ಮೈಲಿಗಟ್ಟಲೆ ಗಾಳಿಯನ್ನು ಹಾಯ್ದು ಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಕೂದಲೆಳೆಯಷ್ಟು ಅಂತರವು ಯಾವ ಲೆಕ್ಕ? ಪ್ಲಗ್ಗನ್ನೇ ಕಿತ್ತು ದೂರವಿಡಬೇಕು. ಅದರೊಡನೆ ಟೆಲಿಫೋನಿನ ತಾಮ್ರದ ತಂತಿಯನ್ನೂ, ರೂಟರಿನಿಂದ ಯಂತ್ರಕ್ಕೆ ಬರುವ ತಂತಿಯನ್ನೂ ಬಿಡಿಸಬೇಕು; ಇದನ್ನು ಮರೆಯುವವರೇ ಬಹಳ. ಗಾಜಿನ ಎಳೆಯ ಫೈಬರ್ ತಾನು ವಿದ್ಯುತ್ತನ್ನು ಒಯ್ಯದಿದ್ದರೂ, ಅದರ ಪೆಟ್ಟಿಗೆಯು ಗೋಡೆಯ ವಿದ್ಯುತ್ತಿಗೆ ಸೇರಿರುತ್ತದಾದ್ದರಿಂದ ಆ ಪ್ಲಗ್ಗನ್ನೂ ತೆಗೆಯಬೇಕು. ಮೋಡ ಕಟ್ಟುವಾಗಲೇ ಈ ಕೆಲಸವಾಗಬೇಕೇ ಹೊರತು, ಗುಡುಗು ತಲೆಯ ಮೇಲೆ ಬಂದಾಗ ತಂತಿಗೆ ಕೈ ಹಾಕುವುದು ಜೀವಕ್ಕೇ ಅಪಾಯ.

ಇನ್ನು ತೇವದ ವಿಷಯ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲಿನ ಮಳೆಯೂ ಪ್ರಸಿದ್ಧವಾದದ್ದೇ. ಗೋಡೆಗೆ ಪಾಚಿ ಕಟ್ಟುವ ಆ ತಿಂಗಳುಗಳಲ್ಲಿ ಯಂತ್ರದೊಳಗಿನ ಲೋಹದ ಸಂಧಿಗಳಿಗೆ ಕಿಲುಬು ಹಿಡಿಯುವುದು ಸಹಜ. ಮೈಸೂರಿನ ವ್ಯವಸಾಯ ಇಲಾಖೆಯ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ೧೯೧೦ರ ಸುಮಾರಿನಲ್ಲಿ ಅಡಕೆಯ ಕೊಳೆರೋಗವನ್ನು ಪರೀಕ್ಷಿಸಿದಂದಿನಿಂದ, ಮಳೆ ಹಿಡಿಯುವುದಕ್ಕೆ ಮುಂಚೆಯೇ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ವಾಡಿಕೆಯು ನಮ್ಮಲ್ಲಿ ಬೇರೂರಿದೆ. ಯಂತ್ರದ ವಿಷಯದಲ್ಲಿಯೂ ಸಿದ್ಧತೆಯು ಮೃಗಶಿರೆಗೆ ಮುಂಚೆಯೇ ಆಗಬೇಕು. ಪ್ಲಗ್ಗನ್ನು ತೆಗೆದು, ಪಕ್ಕದ ಬಾಗಿಲನ್ನು ಬಿಚ್ಚಿ, ಮೃದುವಾದ ಕುಂಚದಿಂದ ದೂಳನ್ನು ಹೊರಗೆ ಗುಡಿಸಬೇಕು. ದೂಳು ತೇವವನ್ನು ಹಿಡಿದಿಡುತ್ತದೆ. ಪೆಟ್ಟಿಗೆಯನ್ನು ಹೊರಗೋಡೆಗೆ ತಗುಲದಂತೆ ಗೇಣುದ್ದ ದೂರದಲ್ಲಿ, ನೆಲದಿಂದ ಎತ್ತರದಲ್ಲಿ ಇಡಬೇಕು. ಅಡಕೆ ಬೇಯಿಸುವ ಹಂಡೆಯ ಹೊಗೆಯೂ, ಸಿಪ್ಪೆಯ ದೂಳೂ ಬರುವ ಕಡೆ ಇಡಲೇಕೂಡದು. ಮಳೆಗಾಲದಲ್ಲಿ ಕೆಲಸವಿರಲಿ ಇಲ್ಲದಿರಲಿ ದಿನಕ್ಕೆ ಒಂದು ಗಂಟೆ ಯಂತ್ರವನ್ನು ನಡೆಯಿಸಿದರೆ ತನ್ನ ಕಾವಿನಿಂದಲೇ ಅದು ಒಣಗಿರುತ್ತದೆ. ಬಟ್ಟೆ ಮುಚ್ಚುವುದಾದರೆ ಯಂತ್ರವು ತಣ್ಣಗಾದ ಮೇಲೆ ಮುಚ್ಚಬೇಕು.

ಕಾವಿರುವ ಕಡೆಗೆ ಇರುವೆಗಳೂ ಬರುತ್ತವೆ. ಹಲ್ಲಿಯು ವಿದ್ಯುತ್ ಪೆಟ್ಟಿಗೆಯ ಕಿಂಡಿಯಲ್ಲಿ ಮೊಟ್ಟೆಯಿಡುವುದೂ, ಕುಂಬಾರ ಹುಳವು ಪೆನ್ ಡ್ರೈವ್ ಸಿಕ್ಕಿಸುವ ತೂತಿಗೆ ಮಣ್ಣು ಮೆತ್ತುವುದೂ ನಮ್ಮ ಸೀಮೆಯ ವಿಶೇಷಗಳು. ಹಿಂಭಾಗದ ತೆರೆದ ಕಿಂಡಿಗಳಿಗೆ ಸಣ್ಣ ಕಣ್ಣಿನ ಬಲೆಯನ್ನು ಕಟ್ಟಬಹುದು. ಗಾಳಿಯ ದಾರಿಯನ್ನು ಮಾತ್ರ ಮುಚ್ಚಬಾರದು. ಕೀಟನಾಶಕವನ್ನು ಯಂತ್ರದೊಳಗೆ ಸಿಂಪಡಿಸುವುದು ಸರ್ವಥಾ ಕೂಡದು.

ಯಂತ್ರವು ಹೊತ್ತಿಕೊಳ್ಳದೆ ಹೋದರೆ ಪರೀಕ್ಷೆಯನ್ನು ಗೋಡೆಯಿಂದ ಆರಂಭಿಸಿ ಒಳಗೆ ಹೋಗತಕ್ಕದ್ದು; ಕಾಲುವೆಯಲ್ಲಿ ನೀರು ಬಾರದಿದ್ದಾಗ ತೋಡಿನ ಕಟ್ಟಿನಿಂದ ಹಿಡಿದು ಕೆಳಗೆ ನೋಡಿಕೊಂಡು ಬರುವಂತೆ. ಅದೇ ಸಾಕೆಟ್ಟಿಗೆ ಬೇರೆ ದೀಪವನ್ನು ಹಚ್ಚಿ ನೋಡಿ. ದೀಪವು ಹತ್ತಿದರೆ ಯು.ಪಿ.ಎಸ್.ಅನ್ನು ಬಿಟ್ಟು ಯಂತ್ರವನ್ನು ನೇರವಾಗಿ ಗೋಡೆಗೆ ಸೇರಿಸಿ ನೋಡಿ. ಆಮೇಲೆ ತಂತಿಯನ್ನು ಬದಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷವು ಯಾವುದರಲ್ಲಿತ್ತೆಂದು ತಿಳಿಯದು. ಇಷ್ಟಾದರೂ ಫ್ಯಾನು ತಿರುಗದೆ, ದೀಪವೂ ಕಾಣದಿದ್ದರೆ ವಿದ್ಯುತ್ ಪೆಟ್ಟಿಗೆಯ ಮೇಲೆ ಸಂಶಯಪಡಬಹುದು. ಅದನ್ನು ಇಡಿಯಾಗಿ ಬದಲಿಸಬೇಕೇ ಹೊರತು ಮನೆಯಲ್ಲಿ ಬಿಚ್ಚಬಾರದು. ಪ್ಲಗ್ಗನ್ನು ತೆಗೆದ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಕೆಲಕಾಲ ನಿಂತಿರುತ್ತದೆ.

ಫ್ಯಾನು ತಿರುಗಿ ಪರದೆಯು ಕಪ್ಪಾಗಿಯೇ ಇದ್ದರೆ ಮೊದಲು ಮಾನಿಟರಿನ ತಂತಿಗಳನ್ನು ಒತ್ತಿ ನೋಡಬೇಕು. ಅದರೊಡನೆ ಯಂತ್ರವು ಕೀರಲು ಸದ್ದು ಮಾಡುತ್ತಿದ್ದರೆ ಮಳೆಗಾಲದಲ್ಲಿ ಹೆಚ್ಚಾಗಿ ಅದು ರ‍್ಯಾಮಿನ ಕಿಲುಬು. ಪ್ಲಗ್ಗನ್ನು ತೆಗೆದು, ಬರಿಯ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ರ‍್ಯಾಮಿನ ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಕೊಡವಿ, ಮೊದಲಿದ್ದ ಸ್ಥಾನದಲ್ಲಿ ಕಚ್ಚುವ ಸದ್ದು ಕೇಳುವವರೆಗೆ ಒತ್ತಬೇಕು. ಅಂಗಡಿಗೆ ಹೋಗಿ ಬಂದ ಖರ್ಚು ಇದರಿಂದ ಎಷ್ಟೋ ಸಲ ಉಳಿಯುತ್ತದೆ.

ಯಂತ್ರವು ನಡೆಯುತ್ತಿದ್ದರೂ ತಾರೀಖು ಹಿಂದಕ್ಕೆ ಹೋಗಿ, ಬ್ಯಾಂಕಿನ ಅಥವಾ ಸರ್ಕಾರದ ಅಂತರ್ಜಾಲ ಪುಟಗಳು ಸುರಕ್ಷಿತವಲ್ಲವೆಂದು ತೆರೆಯದೆ ಹೋಗುವುದು ಇನ್ನೊಂದು ತೊಂದರೆ. ಮದರ್‌ಬೋರ್ಡಿನ ಮೇಲೆ ಗುಂಡಗಿರುವ ಚಿಕ್ಕ ಬ್ಯಾಟರಿಯು ಮುಗಿದಿದೆಯೆಂದು ಅರ್ಥ, ಸಿ.ಆರ್. ೨೦೩೨ ಎಂಬ ಹೆಸರಿನ ೩ ವೋಲ್ಟಿನ ಇದು ಅಗ್ಗದ ಪದಾರ್ಥ. ಹಳೆಯ ಕನ್ನಡ ಕಾಗದಗಳನ್ನು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೂ ಗಾಬರಿಪಡಬೇಕಾಗಿಲ್ಲ. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಮೊದಲಾದ ಲಿಪಿಗಳಲ್ಲಿ ಬರೆದವು ಆ ಲಿಪಿಯು ಯಂತ್ರದಲ್ಲಿದ್ದರೆ ಮಾತ್ರ ಕಾಣುತ್ತವೆ, ಕಾಗದವು ಕೆಟ್ಟಿರುವುದಿಲ್ಲ. ಆ ಲಿಪಿಯನ್ನು ಸ್ಥಾಪಿಸಿಕೊಂಡು ಯೂನಿಕೋಡಿಗೆ ಪರಿವರ್ತಿಸಬಹುದು. ವಿಂಡೋಸ್ ೧೦ಕ್ಕೆ ಅದನ್ನು ತಯಾರಿಸಿದವರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ಯಂತ್ರವು ಮುಂದಕ್ಕೂ ನಡೆಯುತ್ತದೆ. ಆದರೆ ಬ್ಯಾಂಕಿನ ವ್ಯವಹಾರಕ್ಕೆ ಅಂಥದನ್ನು ಉಪಯೋಗಿಸದಿರುವುದು ಲೇಸು. ವಿಂಡೋಸ್ ೧೧ನ್ನು ತಾಳದ ಹಳೆಯ ಯಂತ್ರಗಳಿಗೆ ಹಣವಿಲ್ಲದೆ ದೊರೆಯುವ ಲಿನಕ್ಸ್ ಉಂಟು.

ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಬರುವುದು, ಕಡತವು ತೆರೆಯಲು ಹಿಂದಿಲ್ಲದಷ್ಟು ಹೊತ್ತು ಹಿಡಿಯುವುದು, ಇವು ಅಟ್ಟದ ತೊಲೆಗೆ ಗೆದ್ದಲು ಹಿಡಿದ ಲಕ್ಷಣಗಳು. ಆಗ ಯಂತ್ರವನ್ನು ಸರಿಪಡಿಸುವ ಪ್ರಯತ್ನಕ್ಕೆ ಮುಂಚೆ ಲೆಕ್ಕಪತ್ರಗಳನ್ನು ಬೇರೆ ಕಡೆಗೆ ನಕಲು ಮಾಡಬೇಕು. ನಕಲು ಒಂದಿದ್ದರೆ ಸಾಲದು. ಒಂದು ಮನೆಯಲ್ಲಿ, ಇನ್ನೊಂದು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳ ಮನೆಯಲ್ಲಿ ಇರಬೇಕು. ಮನೆಯಲ್ಲಿಡುವ ನಕಲಿನ ಡಿಸ್ಕನ್ನು ಕೆಲಸವಾದೊಡನೆ ಯಂತ್ರದಿಂದ ಬಿಡಿಸಿ, ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದೊಡನೆ ಇಡತಕ್ಕದ್ದು. ಸಿಕ್ಕಿಸಿಯೇ ಬಿಟ್ಟರೆ ಸಿಡಿಲೂ ವೈರಸ್ಸೂ ಎರಡನ್ನೂ ಒಟ್ಟಿಗೆ ತಿನ್ನುತ್ತವೆ. ಕೊಯ್ಲು ಮುಗಿದು ಲೆಕ್ಕ ಚುಕ್ತವಾದ ದಿನ, ಮಳೆ ಹಿಡಿಯುವುದಕ್ಕೆ ಮುಂಚೆ, ಮತ್ತು ದೀಪಾವಳಿಗೆ ಒಮ್ಮೆ, ಹೀಗೆ ವರ್ಷಕ್ಕೆ ಮೂರು ಸಲವಾದರೂ ನಕಲು ಮಾಡುವ ವಾಡಿಕೆಯನ್ನು ಇಟ್ಟುಕೊಳ್ಳಬಹುದು.

ಯಂತ್ರವನ್ನು ಅಂಗಡಿಗೆ ಕೊಡಲೇಬೇಕಾದಾಗ ಒಂದು ಚೀಟಿಯಲ್ಲಿ ದೋಷವು ಯಾವ ದಿನ, ಏನು ಮಾಡುತ್ತಿದ್ದಾಗ ಕಂಡಿತು, ಸಿಡಿಲು ಮಳೆ ಇದ್ದಿತೇ, ಮನೆಯಲ್ಲಿ ಏನೇನನ್ನು ಬದಲಿಸಿ ನೋಡಿದಿರಿ ಎಂಬುದನ್ನು ಬರೆದು, ‘ಡಿಸ್ಕಿನಲ್ಲಿರುವುದನ್ನು ಕೇಳದೆ ಅಳಿಸಕೂಡದು’ ಎಂಬ ಮಾತನ್ನೂ ಸೇರಿಸಿ, ಪೆಟ್ಟಿಗೆಯ ಮೇಲೆ ಅಂಟಿಸಿ ಕೊಡಿ. ನಕಲು ಇಲ್ಲದಿದ್ದರೆ, ಮತ್ತು ದೋಷವು ಡಿಸ್ಕಿನದಲ್ಲವೆಂದು ತೋರಿದರೆ, ಡಿಸ್ಕನ್ನು ಬಿಚ್ಚಿಸಿ ಮನೆಯಲ್ಲಿಟ್ಟುಕೊಂಡು ಉಳಿದುದನ್ನು ಮಾತ್ರ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.