ಮಣ್ಣಿನ ಕಾವಲುಗಾರರು ಮರದ ಬುಡದಲ್ಲಿದ್ದಾರೆ!

ಮರಗಳ ನೆರಳಿದ್ದಲ್ಲಿ ಮಣ್ಣು ಕೊಚ್ಚಿಹೋಗದು ಎಂದು ನಂಬಿದವರು ಒಂದು ಮಳೆಗಾಲದಲ್ಲಿ ತೇಗದ ತೋಪಿನ ಬೋಳು ಇಳಿಜಾರನ್ನು ನೋಡಬೇಕು. ಮೇಲೆ ಅಗಲ ಎಲೆಗಳ ಚಪ್ಪರ, ಕೆಳಗೆ ಬೇರು ಬಯಲಾದ ನೆಲ, ನಡುವೆ ಸಾಲುಸಾಲಾಗಿ ಕೆನ್ನೀರು!

ಕಾರಣ ತಿಳಿದರೆ ಮೈ ಜುಮ್ಮೆನ್ನುತ್ತದೆ. ಮುಗಿಲಿನಿಂದ ಬರುವ ಹನಿ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್ ದಪ್ಪ. ಅದು ಎಲೆಯ ಮೇಲೆ ಕೂತು, ಅಕ್ಕಪಕ್ಕದ ಹನಿಗಳನ್ನೆಲ್ಲ ಸೇರಿಸಿಕೊಂಡು, ತುದಿಯಲ್ಲಿ ಜೋತಾಡಿ ಕಳಚಿಕೊಳ್ಳುವಾಗ ಸುಮಾರು 5 ಮಿಲಿಮೀಟರ್ ಆಗಿರುತ್ತದೆ! 8-10 ಮೀಟರ್ ಎತ್ತರದಿಂದ ಬಿದ್ದರೆ ಅದರ ವೇಗ ಸೆಕೆಂಡಿಗೆ 8 ಮೀಟರ್ ದಾಟುತ್ತದೆ. ಅಂದರೆ ಬಯಲಿನ ಮಳೆಗಿಂತ ಮರದಡಿಯ ಮಳೆಯೇ ನೆಲವನ್ನು ಜೋರಾಗಿ ಹೊಡೆಯಬಲ್ಲದು! ಮರಳು ಮಣ್ಣಿನಲ್ಲಂತೂ ಕಣಗಳನ್ನು ಬೆಸೆಯುವ ಜೇಡಿ ಕಡಿಮೆ. ಸಿಡಿದ ಕಣಕ್ಕೆ ಇಳಿಜಾರಿನಲ್ಲಿ ಕೆಳಗಿಳಿಯುವುದೊಂದೇ ದಾರಿ.

ಹಾಗಿದ್ದರೆ ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಕಡಿದಾದ ಕಾಡು ಹೇಗೆ ಉಳಿದಿದೆ? ಬಗ್ಗಿ ನೋಡಿ! ಮೊದಲು ಕಾಣುವುದು ದರಕು, ಒಣಗಿ ಉದುರಿದ ಎಲೆಗಳ ಹಾಸು. ಹನಿಯ ಹೊಡೆತವೆಲ್ಲ ಅದರ ಮೇಲೆಯೇ ಮುಗಿಯುತ್ತದೆ. ಅದನ್ನು ಸರಿಸಿದರೆ ಕಣ್ಣಿಗೆ ಬೀಳುವುದು ಬಿಳಿ ಶಿಲೀಂಧ್ರದ ಎಳೆಗಳು, ಕೂದಲಿಗಿಂತ ಸಣ್ಣವು, ಮರಳಿನ ಕಣಕಣವನ್ನೂ ಸುತ್ತಿ ಹೊಲಿದಿಟ್ಟಿವೆ. ಪಾಚಿ, ನೆಲದೊಳಗೇ ತೆವಳುವ ಜರಿಗಿಡದ ಕಾಂಡ, ಗೆಣ್ಣುಗೆಣ್ಣಿಗೂ ಬೇರೂರುವ ಹಿಪ್ಪಲಿ ಬಳ್ಳಿ, ಎಷ್ಟೊಂದು ಕೈಗಳು!

ನನ್ನನ್ನು ಎಲ್ಲಕ್ಕಿಂತ ಬೆರಗಾಗಿಸುವುದು ಕಾಡು ಅರಿಶಿನ. ಬೇಸಿಗೆಯಿಡೀ ಅದರ ಸುಳಿವೇ ಇರುವುದಿಲ್ಲ. ಗೆಡ್ಡೆ ಮಾತ್ರ ಮಣ್ಣೊಳಗೆ ಕುಳಿತಿರುತ್ತದೆ. ಮೊದಲ ಮಳೆಗಳಿಗೆ ಚಿಗುರಿ, ಮುಂಗಾರು ಜೋರಾಗುತ್ತಿದ್ದಂತೆ ಅಗಲವಾದ ಎಲೆಗಳನ್ನು ನೆಲದಿಂದ ಬರೀ ಮೊಣಕಾಲೆತ್ತರದಲ್ಲಿ ಹರಡಿಬಿಡುತ್ತದೆ! ಅಷ್ಟು ಕೆಳಗಿನಿಂದ ಬಿದ್ದ ಹನಿಗೆ ವೇಗವೆಲ್ಲಿ ಬರಬೇಕು? ಮಳೆ ನಿಂತ ಮೇಲೆ ಅದೇ ಎಲೆ ಒಣಗಿ ದರಕಾಗುತ್ತದೆ.

ಮಣ್ಣಿನ ಸವಕಳಿ ಎಂದೊಡನೆ ಎಲ್ಲರ ಬಾಯಲ್ಲೂ ಲಾವಂಚ. ಹೊಗಳಿಕೆ ಸಲ್ಲತಕ್ಕದ್ದೇ. ಮೈಸೂರು ಸೀಮೆಯ ರೈತರು ತಲೆಮಾರುಗಳಿಂದ ಬದುಗಳಲ್ಲಿ ಬೆಳೆಸಿದ ಆ ಹುಲ್ಲನ್ನು 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಜಗತ್ತಿಗೆಲ್ಲ ಸಾರಿದರು. ಹದವಾದ ನೆಲದಲ್ಲಿ ಅದರ ಬೇರು 3 ಮೀಟರ್ ಆಳಕ್ಕೆ ನೇರ ಇಳಿಯುತ್ತದೆ. ಆದರೆ ಅದು ಬಿಸಿಲಿನ ಕೂಸು, ದಟ್ಟ ನೆರಳಲ್ಲಿ ಸೊರಗುತ್ತದೆ. ತೋಟದ ಬಿಸಿಲು ಬೀಳುವ ಮೇಲಂಚಿಗೆ ಅದು ಸರಿ. ಒಳಗಿನ ನೆರಳಿಗೆ ಕಾಡೇ ಆರಿಸಿಟ್ಟ ಗಿಡಗಳು ಬೇಕು.

ಅಡಿಕೆ ತೋಟದ ಮೇಲಿನ ಇಳಿಜಾರಿನಿಂದ ದರಕನ್ನು ಒಂದೆಲೆಯೂ ಬಿಡದಂತೆ ಗುಡಿಸಿ ಒಯ್ಯುವವರಲ್ಲಿ ನನ್ನದೊಂದು ಬೇಡಿಕೆ: ಕಡಿದಾದ ಜಾಗದಲ್ಲಾದರೂ ಅದನ್ನು ಬಿಡಿ. ಜಾರದಂತೆ ಅಡ್ಡಡ್ಡಲಾಗಿ ಕೊಂಬೆಗಳನ್ನಿಡಿ. ಮಳೆ ಹಿಡಿದಾಗ ಅವುಗಳ ಮೇಲ್ಬದಿಯಲ್ಲಿ ಹಿಪ್ಪಲಿಯ ತುಂಡುಗಳನ್ನು, ಕಾಡು ಅರಿಶಿನದ ಗೆಡ್ಡೆಗಳನ್ನು ಊರಿ. ಜೋರು ಮಳೆಯಲ್ಲೇ ಕೊಡೆ ಹಿಡಿದು ಹೋಗಿ, ಕೆಳಗಿಳಿಯುವ ನೀರಿನ ಬಣ್ಣವನ್ನು ನೀವೇ ನೋಡಿ!