ಶ್ರವಣತಜ್ಞರ ವೃತ್ತಿ ಮತ್ತು ತರಗತಿಯ ಶಿಕ್ಷಕ

ಅಭ್ಯಾಸ ಬೋಧನೆಗೆ ಹೋದ ಶಾಲೆಯಲ್ಲಿ, ಹಿಂದಿನಿಂದ ಕರೆದರೆ ತಿರುಗದ, ಉಕ್ತಲೇಖನದಲ್ಲಿ ‘ಸ’, ‘ಶ’ ಧ್ವನಿಗಳನ್ನು ಬಿಟ್ಟು ಬರೆಯುವ ಮಗುವನ್ನು ಕಂಡರೆ ‘ಗಮನವಿಲ್ಲ’ ಎಂದು ಷರಾ ಬರೆದುಬಿಡುತ್ತೇವೆ. ಆ ಮಗುವಿಗೆ ಕೇಳಿಸದೆಯೂ ಇರಬಹುದು. ಆಡಿಯೋಮೀಟರಿನಲ್ಲಿ ಬೇರೆ ಬೇರೆ ಶ್ರುತಿಯ ಸ್ವರಗಳನ್ನು ಕೇಳಿಸಿ, ಎಷ್ಟು ಡೆಸಿಬೆಲ್‌ಗೆ ಕೇಳಿಸುತ್ತದೆಂದು ಅಳೆದು ಹೇಳುವವರು ಶ್ರವಣತಜ್ಞರು.

ಭಾರತದಲ್ಲಿ ಈ ವೃತ್ತಿ ಹೊಸದು. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾಯಿತು. ಅದೇ ಸುಮಾರಿಗೆ ಮುಂಬಯಿಯ ನಾಯರ್ ಆಸ್ಪತ್ರೆಯಲ್ಲೂ ತರಬೇತಿ ಆರಂಭವಾಯಿತು. ತಜ್ಞರು ಕಡಿಮೆಯಿದ್ದ ದೇಶದಲ್ಲಿ ಒಬ್ಬರೇ ಮಾತು, ಶ್ರವಣ ಎರಡನ್ನೂ ಕಲಿಯುವ ಪದ್ಧತಿ ಬೆಳೆಯಿತು. ಪದವಿ ಹಂತದಲ್ಲಿ ಅದು ಇಂದಿಗೂ ಇದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯು ತರಬೇತಿಗೆ ಮಾನ್ಯತೆ, ವೃತ್ತಿಗೆ ನೋಂದಣಿಯ ನಿಯಮ ತಂದಿತು.

ಆದರೂ ತಜ್ಞರು ಹೆಚ್ಚಾಗಿ ನಗರಗಳಲ್ಲೇ ಇದ್ದಾರೆ. ಹಳ್ಳಿಯ ಮಗು ಅವರನ್ನು ತಲುಪಬೇಕಾದರೆ ಮೊದಲು ಅನುಮಾನಪಡಬೇಕಾದವರು ನಾವು. ಕಿವಿ ಸೋರುತ್ತಿದೆಯೇ, ಹೇಳಿದ್ದನ್ನು ಮತ್ತೆ ಮತ್ತೆ ಕೇಳುತ್ತದೆಯೇ, ನಮ್ಮ ತುಟಿಗಳನ್ನೇ ನೋಡುತ್ತದೆಯೇ ಎಂದು ಗಮನಿಸಿ ಬರೆದಿಡಿ. ಪೋಷಕರಿಗೆ ತಿಳಿಸಿ, ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿಸಲು ಹೇಳಿ. ಅಲ್ಲಿಯವರೆಗೆ ಮಗುವನ್ನು ಮುಂದೆ ಕೂರಿಸಿ. ಕಪ್ಪುಹಲಗೆಯ ಕಡೆ ಮುಖಮಾಡಿ ಪಾಠ ಹೇಳಬೇಡಿ.